ನಲವತ್ತು ಸಂತಾಪ ಪತ್ರಗಳು

ಮುಖ್ಯೋಪಾಧ್ಯಾಯರಿಗೆ ನಮಸ್ಕಾರ.

ಈಗ ಸಂಜೆ ಆರು ಗಂಟೆ. ನಮ್ಮವರು ತೀರಿಕೊಂಡ ಮೇಲೆ ಹತ್ತನೇ ತರಗತಿಯ ಮಕ್ಕಳು ಇಂಗ್ಲಿಷಿನಲ್ಲಿ ಬರೆದು ಕಳಿಸಿದ ನಲವತ್ತು ಸಂತಾಪ ಪತ್ರಗಳನ್ನು ಇವತ್ತು ಓದಿ ಮುಗಿಸಿದೆ. ನಲವತ್ತೂ ಒಂದೇ. ಅಜ್ಜಿಯನ್ನು ಕಳೆದುಕೊಂಡ ಗೆಳೆಯನಿಗೆಂದು, ಪರೀಕ್ಷೆಗಾಗಿ ನಮ್ಮವರೇ ಬರೆಸಿದ್ದ ಪತ್ರ. "ಅರ್ಥ ಆಗದಿದ್ರೆ ಬಿಡ್ರೋ, ಬಾಯಿಪಾಠ ಮಾಡಿ, ಐದು ಅಂಕ ಎಲ್ಲೂ ಹೋಗಲ್ಲ" ಅನ್ನುತ್ತಿದ್ದರು. ಮಕ್ಕಳು ಅಜ್ಜಿಯನ್ನು ತೆಗೆದು ಮೇಷ್ಟ್ರನ್ನು ಸೇರಿಸಿದ್ದಾರೆ. ಕೊನೆಗೆ ಎಲ್ಲರೂ ನನಗೆ, ಧೈರ್ಯವಾಗಿದ್ದು ಚೆನ್ನಾಗಿ ಓದು ಎಂದು ಬುದ್ಧಿ ಹೇಳಿದ್ದಾರೆ.

ಮೂವತ್ತು ವರ್ಷ ಪಾಠ ಹೇಳಿದವರಿಗೆ ಒಂದು ಸ್ವಂತ ವಾಕ್ಯ ಸಿಗಲಿಲ್ಲ. ಮಕ್ಕಳನ್ನು ಬೈಯಬೇಡಿ. ಹೇಳಿಕೊಟ್ಟಿದ್ದನ್ನೇ ಬರೆದಿದ್ದಾರೆ.

ಮುಂದಿನ ಮಕ್ಕಳಿಗಾಗಿ ನೀವು ಕೇಳಿದ ಅವರ ನೋಟ್ಸ್ ಪುಸ್ತಕವನ್ನು ನಾಳೆ ಹತ್ತು ಗಂಟೆಗೆ ತಂದುಕೊಡುತ್ತೇನೆ. ಆ ಪತ್ರದ ಪುಟ ಅದರಲ್ಲಿ ಇರುವುದಿಲ್ಲ.

ಇತಿ,
ನಿಮ್ಮ ಇಂಗ್ಲಿಷ್ ಮೇಷ್ಟ್ರ ಹೆಂಡತಿ