ಬೀದಿಗೂ ಸೈ, ಪಾರ್ಕಿಗೂ ಸೈ

ಮಾರ್ಚ್ 3, ಸೋಮವಾರ

ಇವತ್ತು ಹನ್ನೊಂದು ಕಾರ್ಡ್ ಬರೆದೆ. ಟೈರುಗಳ ಗೋಡೆ ಮುಗಿಯಿತು. ಎಂ.ಎ. ಓದಿದವಳಿಗೆ ಸೈಕಲ್ ಅಂಗಡಿಯಲ್ಲಿ ಇದೇ ಕೆಲಸ — ಪ್ರತಿ ಸಾಮಾನಿನ ಕೆಳಗೆ ಒಂದೆರಡು ಸಾಲು, ದುಂಡಗಿನ ಅಕ್ಷರದಲ್ಲಿ. ಕೊನೆಯದು ಬಿಎಂಎಕ್ಸ್ ಟೈರು, ಹಾರಿ ತಿರುಗಿ ಕಸರತ್ತು ಮಾಡುವ ಪುಟ್ಟ ಸೈಕಲ್ಲಿನದು. ತೆಳು, ಹಗುರ, ಮೈ ಹೆಚ್ಚುಕಡಿಮೆ ನುಣುಪು. ಸುತ್ತಿದ ಚೀಟಿಯ ಮೇಲೆ ಇದ್ದದ್ದು 'ಪಾರ್ಕ್' ಎಂಬ ಒಂದೇ ಪದ. ಒಂದೇ ಪದದ ಕಾರ್ಡ್ ಬೋಳಾಗಿ ಕಾಣಿಸಿತು. 'ಬೀದಿಗೂ ಸೈ, ಪಾರ್ಕಿಗೂ ಸೈ' ಎಂದು ಬರೆದೆ. ಓದಲು ಚೆನ್ನಾಗಿತ್ತು. ಅಂಗಡಿಯ ರಿಪೇರಿ ಮೇಸ್ತ್ರಿಯನ್ನು ಒಂದು ಮಾತು ಕೇಳಬಹುದಿತ್ತು. ಅವರು ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದರು... ಕೇಳಲಿಲ್ಲ.

ಸಂಜೆ ತಂಗಿ ಬಂದಳು. ಬೆನ್ನಿಗೆ ಕಾಲೇಜಿನ ಬ್ಯಾಗ್, ಮೊಣಕಾಲಿನಲ್ಲಿ ಹೊಸದೊಂದು ಗಾಯ. ಗೋಡೆ ಪೂರ್ತಿ ನೋಡಿ ನನ್ನ ಕೊನೆಯ ಕಾರ್ಡಿನ ಮುಂದೆ ನಿಂತಳು. ಅದೇ ಜೋಡಿ ಬೇಕೆಂದಳು. ನನ್ನ ಸಾಲನ್ನು ಓದಿ ಕೊಂಡ ಮೊದಲ ಗಿರಾಕಿ. ಖುಷಿಯಾಯಿತು.

ಮಾರ್ಚ್ 9, ಭಾನುವಾರ

ತಂಗಿ ಸೈಕಲ್ಲಿನಿಂದ ಬಿದ್ದಳು. ಲೈಬ್ರರಿಯ ಮೆಟ್ಟಿಲ ಹತ್ತಿರ, ತಿರುವಿನಲ್ಲಿ. ಬಲಗಾಲು, ಮೊಣಕಾಲಿನ ಕೆಳಗೆ, ಎರಡು ಕಡೆ ಮುರಿದಿದೆ. ನಾಳೆ ಬರೆಯುತ್ತೇನೆ.

ಮಾರ್ಚ್ 10

ಆರು ವಾರ ಪ್ಲಾಸ್ಟರ್. ಕೇಳಿದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಾಳೆ — ಮರಳಿತ್ತು, ಜಾರಿದೆ.

ಸೈಕಲ್ಲನ್ನು ಅಂಗಡಿಗೆ ತಂದೆ. ಮೇಸ್ತ್ರಿ ಹಿಂದಿನ ಚಕ್ರ ತಿರುಗಿಸಿ ಟೈರಿನ ಮೇಲೆ ಹೆಬ್ಬೆರಳು ಎಳೆದರು.

"ಇದನ್ನ ಬೀದಿಗೆ ಯಾರು ಕೊಟ್ಟಿದ್ದು? ನುಣುಪು ನೆಲಕ್ಕೆ ಮಾಡಿದ್ದು. ಧೂಳು ಸಿಕ್ರೆ ಇದು ಸೋಪು."

ನನ್ನ ಕಾರ್ಡ್ ಅವರ ತಲೆಯ ಮೇಲೇ ನೇತಾಡುತ್ತಿತ್ತು. ಅವರು ತಲೆ ಎತ್ತಲಿಲ್ಲ. ಅವರು ಊಟಕ್ಕೆ ಹೋದಾಗ ಕಾರ್ಡ್ ಕಿತ್ತು, ನಾಲ್ಕು ಚೂರು ಮಾಡಿ ಜೇಬಿಗೆ ಹಾಕಿಕೊಂಡೆ. ಎಸೆಯಲು ಆಗಲಿಲ್ಲ.

ಏಪ್ರಿಲ್ 2, ಬುಧವಾರ

ಮೂರು ವಾರ ಬರೆದಿಲ್ಲ. ಬರೆದರೆ ಅದನ್ನೇ ಬರೆಯಬೇಕು.

ಅಮ್ಮ ಸೈಕಲ್ ಮಾರುತ್ತಾಳಂತೆ. ಆಸ್ಪತ್ರೆಯ ಲಾಂಡ್ರಿಯಲ್ಲಿ ಅವಳ ಜೊತೆ ಕೆಲಸ ಮಾಡುವವರು ಇಪ್ಪತ್ತನೇ ತಾರೀಖು ಬಂದು ತೆಗೆದುಕೊಂಡು ಹೋಗುತ್ತಾರೆ, ತಮ್ಮ ಮಗಳಿಗೆ. ಅಂದರೆ ಪ್ಲಾಸ್ಟರ್ ಬಿಚ್ಚಿದ ಮರುದಿನ. ತಂಗಿ ಗೋಡೆಯ ಕಡೆ ತಿರುಗಿ ಮಲಗಿದ್ದಾಳೆ, ಅಮ್ಮನ ಜೊತೆ ಮಾತು ಬಿಟ್ಟಿದ್ದಾಳೆ. ಅಮ್ಮನದೂ ಹಿಡಿದದ್ದೇ ಪಟ್ಟು. ಮನೆಯಲ್ಲಿ ಇರುವುದೇ ಮೂವರು. ಇಬ್ಬರು ಮುಖ ತಿರುಗಿಸಿದರೆ ಮೂರನೆಯವಳು ಯಾರ ಮುಖ ನೋಡಬೇಕು?

ಮಾರುವ ಮುಂಚೆ ಸರಿಯಾದ ಟೈರು ಹಾಕಿಸು ಎಂದು ಅಮ್ಮ ನನಗೆ ಹೇಳಿದಳು. "ಇನ್ನೊಬ್ಬರ ಮನೆ ಹುಡುಗಿ ಬೀಳಬಾರ್ದು ನೋಡು." ಪಾತ್ರೆ ತೊಳೆಯುತ್ತ, ನನ್ನ ಕಡೆ ನೋಡದೆ.

ಕಾರ್ಡಿನ ವಿಷಯ ಗೊತ್ತಾಗಿದೆಯೇ ಅವಳಿಗೆ?

ಏಪ್ರಿಲ್ 4

ಕೇಳಿದೆ. ಕೊನೆಗೂ. ಮೇಸ್ತ್ರಿ ಪಾನಾ ಕೆಳಗಿಟ್ಟರು. "ಎಂ.ಎ. ಮೇಡಂ ಬಾಯಿ ಬಿಟ್ರು. ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ್ನಪ್ಪ."

ಆಮೇಲೆ ಅರ್ಧ ಗಂಟೆ ಹೇಳಿದರು. ಪಾರ್ಕ್ ಎಂದರೆ ಸ್ಕೇಟ್ ಪಾರ್ಕಂತೆ, ಸಿಮೆಂಟಿನ ಏರು-ಇಳಿಜಾರುಗಳ ಅಂಗಳ; ಅಲ್ಲಿಯ ನೆಲ ನುಣುಪು, ಅಲ್ಲಿಗೆ ತೆಳು ಟೈರು, ಗಟ್ಟಿ ಗಾಳಿ, ಸರ್ರನೆ ಓಡುತ್ತದೆ. ಬೀದಿಯೆಂದರೆ ಧೂಳು, ಮರಳು, ಕಲ್ಲಿನ ಅಂಚು — ಅಗಲ ಬೇಕು, ದಪ್ಪ ಪಕ್ಕೆ ಬೇಕು, ಗಾಳಿ ಕೊಂಚ ಕಡಿಮೆ ಇರಬೇಕು. ಎರಡೂ ಕಡೆ ಓಡಿಸುವವರು ನಡುವಿನದನ್ನು ಆರಿಸಬೇಕು: ಮಧ್ಯದಲ್ಲಿ ಸಣ್ಣ ಗೀರು, ಅಂಚಿಗೆ ಹಲ್ಲು. ಮುಂದಿನದು 2.4 ಇಂಚು, ಹಿಂದಿನದು 2.3. ಪಂಪಿನ ಮುಳ್ಳು ಅರವತ್ತಕ್ಕೆ ಬಂದರೆ ಸಾಕು.

"ಎರಡೂ ಕಡೆ ಪೂರ್ತಿ ಸರಿ ಅನ್ನೋ ಟೈರು ಇನ್ನೂ ಹುಟ್ಟಿಲ್ಲ ಮಗಳೇ. ಹಾಗಂತ ಯಾರಾದ್ರೂ ಹೇಳಿದ್ರೆ ಅವರು ಸೈಕಲ್ ಹತ್ತಿಲ್ಲ ಅಂತ ತಿಳ್ಕೋ."

ನಾನು ಸೈಕಲ್ ಹತ್ತಿಲ್ಲ.

ಟೈರು ಹಾಕಿಸಿ, ಗಾಳಿ ಹೊಡೆಯಲು ಪಂಪನ್ನೂ ತಂದು, ಸೈಕಲ್ಲನ್ನು ವರಾಂಡದ ಕೊಕ್ಕೆಗೆ ನೇತುಹಾಕಿದೆ. ಹೊಸ ಟೈರಿನ ಮೈತುಂಬ ರಬ್ಬರಿನ ಕೂದಲು, ಎಳೆಗೂಸಿನ ಕಿವಿಯ ಮೇಲಿನವುಗಳಂತೆ. ಓಡಿಸಿದರೆ ನಾಲ್ಕು ದಿನಕ್ಕೆ ಉದುರಿಹೋಗುತ್ತವಂತೆ.

ಏಪ್ರಿಲ್ 14, ಸೋಮವಾರ, ಸಂಜೆ

ಕೂದಲಿಲ್ಲ.

ಧೂಳು ಒರೆಸಲು ಹೋಗಿ ನೋಡಿದೆ. ನಡುವಿನ ಪಟ್ಟೆ ಪೂರ್ತಿ ಬೋಳು. ಅಂಚಿನಲ್ಲಿ ಮಾತ್ರ ಉಳಿದಿವೆ. ಗೀರುಗಳ ಒಳಗೆ ಸಿಮೆಂಟಿನ ಬಿಳಿ ಪುಡಿ. ಗೋಡೆಗೆ ನೇತಾಡುವ ಸೈಕಲ್ಲಿನ ಟೈರು ಸವೆಯುವುದು ಹೇಗೆ? ತಂಗಿಗೆ ಬಚ್ಚಲಿಗೆ ಹೋಗಲೂ ನನ್ನ ಹೆಗಲು ಬೇಕು. ನನಗೆ ಸೈಕಲ್ ಬಾರದು. ಉಳಿದವಳು, ಮದುವೆಗೆ ಮುಂಚೆ ಸೈಕಲ್ ಓಡಿಸುತ್ತಿದ್ದವಳು...

ನಗು ಬಂತು. ಆಮೇಲೆ ನಿಂತಿತು. ಅಮ್ಮ ಈಚೆಗೆ ಬೆಳಿಗ್ಗೆ ಐದೂವರೆಗೆ ವಾಕಿಂಗ್ ಹೋಗುತ್ತಾಳೆ. ಮೊಣಕೈಗೆ ಬ್ಯಾಂಡೇಜು. ಬಾಗಿಲು ತಾಗಿತು ಅಂದಿದ್ದಳು.

ಏಪ್ರಿಲ್ 15, ಬೆಳಿಗ್ಗೆ 7.20

ಕಂಡದ್ದನ್ನು ಕಂಡ ಹಾಗೇ ಬರೆಯುತ್ತೇನೆ.

ಅಮ್ಮ ಹೊರಟ ಮೇಲೆ ಹುಡುಕಿಕೊಂಡು ಹೋದೆ. ಸ್ಕೇಟ್ ಪಾರ್ಕ್. ಬೇರೆ ನರಪಿಳ್ಳೆ ಇಲ್ಲ. ಸಿಮೆಂಟಿನ ಇಳಿಜಾರಿನ ತುದಿಯಲ್ಲಿ ಅಮ್ಮ. ತಲೆಗೆ ತಂಗಿಯ ಹೆಲ್ಮೆಟ್. ನನ್ನ ಹಳೆಯ ಟ್ರ್ಯಾಕ್ ಪ್ಯಾಂಟು, ಪಾದದ ಹತ್ತಿರ ರಬ್ಬರ್ ಬ್ಯಾಂಡ್. ನಲವತ್ತೊಂಬತ್ತು ವರ್ಷ. ಪೆಡಲ್ಲಿನ ಮೇಲೆ ಎದ್ದುನಿಂತು ಇಳಿದಳು, ಆಚೆಯ ಏರನ್ನು ಅರ್ಧ ಹತ್ತಿ, ತಿರುಗಿ, ಮತ್ತೆ ಇಳಿದಳು. ಬಾಯಿ ತೆರೆದಿತ್ತು, ಸದ್ದಿರಲಿಲ್ಲ. ಆ ಮುಖವನ್ನು ನಾನು ಈವರೆಗೆ ನೋಡಿಯೇ ಇರಲಿಲ್ಲ.

ನಾಲ್ಕನೇ ಸಲ ಬಿದ್ದಳು. ಓಡಿದೆ.

"ಬಂದ್ಯಾ," ಅಂದಳು. "ಮೊದ್ಲು ಸೈಕಲ್ ಎತ್ತು."

ಅಂಚಿನಲ್ಲಿ ಕೂತೆವು. ಬಿದ್ದ ದಿನ, ಮೂಳೆ ಕೂಡಿಸುವ ಮೊದಲೇ, ತಂಗಿ ಡಾಕ್ಟರನ್ನು ಕೇಳಿದ್ದು ಒಂದೇ ಪ್ರಶ್ನೆಯಂತೆ: ಮತ್ತೆ ಯಾವಾಗ ಹತ್ತಬಹುದು? ಅಮ್ಮ ಅದನ್ನು ಮರೆತಿರಲಿಲ್ಲ.

"ಅಂಥದ್ದೇನಿದೆ ಇದ್ರಲ್ಲಿ, ಮಾರೋಕ್ ಮುಂಚೆ ಒಂದ್ಸಲ ನೋಡೋಣ ಅಂತ ಬಂದೆ."

"ಏನಿದೆ?"

"ಗೊತ್ತಾಗ್ಲಿಲ್ಲ. ಅದಕ್ಕೇ ಒಂಬತ್ತು ದಿನದಿಂದ ಬರ್ತಿದೀನಿ."

ಆಗ ಹೇಳಿಬಿಟ್ಟೆ. ಅಂದಿನಿಂದ ಜೇಬಿನಲ್ಲೇ ಇಟ್ಟುಕೊಂಡಿದ್ದ ಕಾರ್ಡಿನ ನಾಲ್ಕು ಚೂರು ತೆಗೆದು ಸಿಮೆಂಟಿನ ಮೇಲೆ ಜೋಡಿಸಿಟ್ಟೆ. ಅಮ್ಮ ಓದಿದಳು. ಎರಡು ಸಲ. ಎದ್ದು, ಸೈಕಲ್ ತಳ್ಳಿಕೊಂಡು, ನನ್ನನ್ನು ಅಲ್ಲೇ ಬಿಟ್ಟು ಹೋದಳು.

ಏಪ್ರಿಲ್ 17

ಅಮ್ಮ ನನ್ನ ಮುಂದೆ ತಟ್ಟೆ ಇಡುತ್ತಾಳೆ, ಅಷ್ಟೇ. ಬೆಳಿಗ್ಗೆ ಹೊರಗೆ ಹೋಗುವುದನ್ನೂ ನಿಲ್ಲಿಸಿದ್ದಾಳೆ.

ತಂಗಿಗೂ ಹೇಳಿದೆ. ಅಮ್ಮನ ವಿಷಯ ಅಲ್ಲ, ಕಾರ್ಡಿನದು. ಅವಳು ಛಾವಣಿ ನೋಡುತ್ತ ಕೇಳಿಸಿಕೊಂಡಳು.

"ಬಿದ್ದಾಗ್ಲೇ ಗೊತ್ತಾಯ್ತು ಅಕ್ಕ. ಟೈರು ಹಿಡೀಲೇ ಇಲ್ಲ."

"ಮತ್ತೆ ಎಲ್ರಿಗೂ ಮರಳು ಅಂದೆ?"

"ಮರಳೂ ಇತ್ತು."

ಐದು ವಾರ. ಒಂದು ಸಲವೂ ಬಾಯಿ ಬಿಟ್ಟಿರಲಿಲ್ಲ. ಎರಡು ಏಟು ಕೊಟ್ಟಿದ್ದರೆ ವಾಸಿಯಿತ್ತು.

ಏಪ್ರಿಲ್ 20, ಭಾನುವಾರ, ಬೆಳಿಗ್ಗೆ 11

ಲಾಂಡ್ರಿಯವರು ಬಂದಿದ್ದಾರೆ. ರೂಮಿಗೆ ಓಡಿಬಂದು ಬರೆಯುತ್ತಿದ್ದೇನೆ. ಬರೆಯದಿದ್ದರೆ ನಾಳೆ ನಾನೇ ನಂಬಲಾರೆ.

ಅಮ್ಮ ಸೈಕಲ್ಲನ್ನು ಕೊಕ್ಕೆಯಿಂದ ಇಳಿಸಿದಳು. ತಂಗಿ ಗೋಡೆ ಹಿಡಿದು ಬಾಗಿಲ ತನಕ ಬಂದಳು. ಪ್ಲಾಸ್ಟರ್ ಬಿಚ್ಚಿದ ಕಾಲು ಬೆಂಡಿನ ಹಾಗೆ ಸೊರಗಿದೆ. ಬಂದವರು ಟೈರು ಸವರಿ, ಹೊಸದು ಅಂದಿದ್ರಿ, ಓಡಿಸಿದ ಹಾಗಿದೆಯಲ್ಲ ಎಂದರು. ಅಮ್ಮ ಸೀಟನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

ತಂಗಿ ಬಗ್ಗಿ ನೋಡಿದಳು. ಬೋಳು ಪಟ್ಟೆ, ಬಿಳಿ ಪುಡಿ. ನನ್ನನ್ನು ನೋಡಿದಳು, ನಾನು ನೆಲ ನೋಡಿದೆ. ಆಮೇಲೆ ಅವಳ ಕಣ್ಣು ಅಮ್ಮನ ಮೊಣಕೈಯ ಬ್ಯಾಂಡೇಜಿನ ಮೇಲೆ ಹೋಗಿ ನಿಂತಿತು.

"ಗಾಳಿ ಎಷ್ಟಿಟ್ಟಿದೀಯಮ್ಮ?"

ಮೂರು ವಾರದಲ್ಲಿ ಇಬ್ಬರ ನಡುವೆ ಮೊದಲ ಮಾತು.

"ಐವತ್ತು," ಅಂದಳು ಅಮ್ಮ. "ಅರವತ್ತಕ್ಕೆ ಎತ್ತಿ ಹಾಕುತ್ತೆ."

"ನಿನ್ನ ತೂಕಕ್ಕೆ ಐವತ್ತು ಸಾಲಲ್ಲ. ರಿಮ್ ನೆಲಕ್ಕೆ ಬಡಿಯುತ್ತೆ."

ಅಮ್ಮ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಬಂದವರು ಸೈಕಲ್ಲಿನ ಕಡೆ ಕೈ ಚಾಚಿದರು. ಅಮ್ಮ ಬಿಡಲಿಲ್ಲ. ಅವರು ಇನ್ನೂ ಹಾಗೇ ನಿಂತಿದ್ದಾರೆ, ಒಂದು ಕೈ ಹ್ಯಾಂಡಲ್ಲಿನ ಮೇಲೆ.

ಅಮ್ಮ ಕರೆಯುತ್ತಿದ್ದಾಳೆ. ನನ್ನನ್ನೇ. ಐದು ದಿನದ ಮೇಲೆ. ಪಂಪು ತಗೊಂಬಾರೇ ಎನ್ನುತ್ತಿದ್ದಾಳೆ. ಮಂಚದ ಕೆಳಗೆ ಇಟ್ಟಿದ್ದೆ, ಇಲ್ಲ, ಬಾಗಿಲ ಹಿಂದೆ —