ಕೋಟೆಯ ಬಾಗಿಲಲ್ಲಿ ನಗುತ್ತಿರುವ ನಮ್ಮಕ್ಕ

ರಾಯಚೂರು ಕೋಟೆಯನ್ನು ನಮ್ಮಂಥವರಿಂದ ಕಾಪಾಡುತ್ತಿರುವ ಮಾನ್ಯ ಅಧಿಕಾರಿಗಳೇ,

ಕೋಟೆಯ ಬಾಗಿಲಲ್ಲಿ ‘ಸ್ಮಾರಕಕ್ಕೆ ಹಾನಿ ಮಾಡಿದವರು’ ಎಂಬ ಫಲಕ ಹಾಕಿಸಿದ್ದೀರಿ. ಅದರಲ್ಲಿರುವುದು ಒಂದೇ ಫೋಟೋ, ನಮ್ಮಕ್ಕ ತಿಮ್ಮವ್ವನದು. ಅದನ್ನು ತೆಗೆಸಿ ಎಂದು ನಾಲ್ಕು ತಿಂಗಳಲ್ಲಿ ನಾಲ್ಕು ಅರ್ಜಿ ಕೊಟ್ಟೆ. ಮಾನ್ವಿಯಲ್ಲಿ ಕಚೇರಿಯೊಂದರ ಮುಂದೆ ಕೂತು ಇಪ್ಪತ್ತೆರಡು ವರ್ಷದಿಂದ ಮಂದಿಯ ಅರ್ಜಿ ಬರೆಯುವುದೇ ನನ್ನ ಕಸುಬು. ಒಳಗೆ ಹೋದ ಅರ್ಜಿಯ ಗತಿ ಏನೆಂದು ನನಗೆ ಯಾರೂ ಹೇಳಬೇಕಿಲ್ಲ. ಈಗ ಇದನ್ನು ಬಹಿರಂಗವಾಗಿ ಬರೆಯುತ್ತಿರುವುದೂ ನಿಮ್ಮ ಮೇಲಿನ ಭರವಸೆಯಿಂದಲ್ಲ, ಹೊಟ್ಟೆಯ ಸಂಕಟದಿಂದ.

ನಮ್ಮಕ್ಕ ದೇವದುರ್ಗ ತಾಲ್ಲೂಕಿನ ಗೂಗಲ್ಲಿನವಳು, ಹೊಲದ ಕೂಲಿಯಾಳು. ಅರವತ್ತು ವರ್ಷದಲ್ಲಿ ಆಕೆ ರಾಯಚೂರಿಗೆ ಬಂದದ್ದೆಲ್ಲ ದವಾಖಾನೆಗೆ. ಪ್ರತಿ ಸಲವೂ ಬಸ್ಸಿನ ಕಿಟಕಿಯಿಂದ ಕೋಟೆ ನೋಡಿ, ಒಮ್ಮೆ ಒಳಗೆ ಹೋಗಿಬರಬೇಕು ಎನ್ನುತ್ತಿದ್ದಳು. ಅಮಾವಾಸ್ಯೆಯ ದಿನ ನಮ್ಮ ಕಡೆ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ದನಕ್ಕೆ ರಜೆ ಸಿಕ್ಕ ದಿನ ಕೂಲಿಯವರಿಗೂ ರಜೆ. ಅಂಥ ಒಂದು ಅಮಾವಾಸ್ಯೆಯ ಸಂಜೆ ಅಕ್ಕನನ್ನೂ ಆಕೆಯ ಮೊಮ್ಮಗಳು ಮಲ್ಲೇಶ್ವರಿಯನ್ನೂ ಕರೆತಂದೆ. ಬಾಗಿಲು ಕಂಡೊಡನೆ ಅಕ್ಕ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದಳು. ಬಾಟಲಿ ಚೂರುಗಳಿವೆ, ಹಾಕಿಕೋ ಎಂದರೆ ಕೇಳಲಿಲ್ಲ.

ಗೋಡೆಯ ಆ ಉದ್ದನೆಯ ಕಲ್ಲಿನ ಬಳಿ, ಅದನ್ನು ಬಂಡಿಯ ಮೇಲೆ ಹೇರಿ ತಂದ ಬಗೆಯನ್ನು ಕೊರೆದಿದ್ದಾರಲ್ಲ, ಅಲ್ಲಿ ಅಕ್ಕ ನಿಂತುಬಿಟ್ಟಳು. ಜೋಡಿ ಜೋಡಿ ದನಗಳು ನೊಗ ಹೊತ್ತು ಎಳೆಯುತ್ತಿವೆ.

“ಅಮಾಸಿ ದಿನಾನೂ ಇವುಕ್ಕ ಕೊಳ್ಳು ಹರದಿಲ್ಲ ನೋಡೋ ಹಂಪಯ್ಯ,” ಎಂದಳು. ಇವತ್ತೂ ನೊಗ ಬಿಚ್ಚಿಲ್ಲವಲ್ಲ ಎಂಬ ಮರುಕ ಆಕೆಗೆ.

ಸೆರಗಿನ ಗಂಟು ಬಿಚ್ಚಿ, ಗೂಗಲ್ಲಿನ ಅಲ್ಲಮಪ್ರಭು ಗುಡಿಯಿಂದ ತಂದಿದ್ದ ವಿಭೂತಿ ತೆಗೆದು, ಕೈಗೆ ಎಟುಕಿದ ಒಂದು ದನದ ಹಣೆಗೆ ಹಚ್ಚಿ ಕೈಮುಗಿದಳು. ಹಚ್ಚಬಾರದಿತ್ತು, ಒಪ್ಪುತ್ತೇನೆ. ನಿಮ್ಮ ಕಾವಲುಗಾರ ಒದ್ದೆ ಬಟ್ಟೆಯಿಂದ ಒಂದೇ ಸಲ ಒರೆಸಿದ, ಹೋಯಿತು. ಆದರೆ ಅದು ನಿಮ್ಮ ‘ಕೋಟೆ ಉಳಿಸಿ’ ಸಪ್ತಾಹವಾಗಿತ್ತು, ಸ್ವತಃ ತಾವೇ ಅಲ್ಲಿದ್ದಿರಿ. ಮೊಬೈಲ್ ಎತ್ತಿ, ಈ ಕಡೆ ನೋಡಮ್ಮ ಎಂದಿರಿ. ಸಾಹೇಬರು ತನ್ನ ಫೋಟೋ ತೆಗೆಯುತ್ತಿದ್ದಾರೆಂದು ಅಕ್ಕ ಹಿಗ್ಗಿದಳು. ತಲೆ ಮೇಲೆ ಸೆರಗು ಹೊದ್ದು, ಮೊಮ್ಮಗಳನ್ನೂ ಪಕ್ಕಕ್ಕೆ ಕರೆದಳು. ನೀವು ಮಗುವನ್ನು ಸರಿಯಲು ಹೇಳಿದಿರಿ. ಅಕ್ಕ ಒಬ್ಬಳೇ ನಿಂತು ನಕ್ಕಳು. ಹೆಸರು, ಊರು ಕೇಳಿದಾಗ ಖುಷಿಯಿಂದ ಹೇಳಿದಳು. ನಾನೂ ಫೋಟೋ ಚಂದ ಬರಲೆಂದು ದೂರ ನಿಂತಿದ್ದೆ, ನನ್ನ ಬುದ್ಧಿಗಿಷ್ಟು ಮಣ್ಣು ಹಾಕ!

ಮಾನ್ಯರೇ, ಅದೇ ಗೋಡೆಯ ಮೇಲೆ ಬಣ್ಣದಲ್ಲಿ ಎಷ್ಟು ಪ್ರೇಮಿಗಳ ಹೆಸರುಗಳಿವೆ, ಎಣಿಸಿದ್ದೀರಾ? ಒಬ್ಬ ಪುಣ್ಯಾತ್ಮನಂತೂ ಊರು, ಮೊಬೈಲ್ ನಂಬರು ಸಮೇತ ಬರೆದಿದ್ದಾನೆ. ಆತ ನಿಮ್ಮ ಕೈಗೆ ಸಿಗಲಿಲ್ಲವೇ? ನಾನು ಫೋನ್ ಮಾಡಿದೆ, ಎರಡನೇ ರಿಂಗಿಗೇ ಎತ್ತಿದ. ಗೋಡೆಯ ಬುಡದಲ್ಲಿ ಮೂತ್ರ ಮಾಡುವವರ ಫೋಟೋಕ್ಕೆ ಫಲಕದಲ್ಲಿ ಜಾಗ ಸಾಲದೆಂದು ಬಿಟ್ಟಿರೋ? ಕೋಟೆಗೆ ಬಂದ ಅಷ್ಟು ಮಂದಿಯಲ್ಲಿ ಕೈಮುಗಿದವಳೊಬ್ಬಳೇ ನಿಮಗೆ ಕಳ್ಳಿಯಾಗಿ ಕಂಡಳು.

ಮೊದಲ ಅರ್ಜಿಗೆ ‘ಪರಿಶೀಲನೆಯಲ್ಲಿದೆ’ ಎಂದಿರಿ. ಎರಡನೆಯದಕ್ಕೆ, ಫಲಕ ನಿಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದಿರಿ. ಮೂರನೆಯದಕ್ಕೆ ಉತ್ತರವಿಲ್ಲ. ನಾಲ್ಕನೆಯದು ಕಳೆದಿದೆಯಂತೆ, ಮತ್ತೆ ಕೊಡಬೇಕಂತೆ. ಅಷ್ಟರಲ್ಲಿ ಊರಿನ ಪಂಪಾಪತಿ ರಾಯಚೂರಿಗೆ ಬಂದವನು ಫಲಕ ನೋಡಿ ಹೋಗಿ ಊರಿಗೆಲ್ಲ ಹೇಳಿದ. ಹತ್ತಿ ಬಿಡಿಸಲು ಹೋದರೆ ಹೆಂಗಸರು, ಕೋಟೆ ಕೆಡವಿದಾಕೆ ಬಂದಳು ಎಂದು ಕಾಡಿಸುತ್ತಾರೆ. ತಮಾಷೆಗೇ ಅನ್ನುತ್ತಾರೆ. ಅಕ್ಕನಿಗೆ ಅದು ತಮಾಷೆಯಲ್ಲ. ಆಕೆ ಈಗ ಬೇರೆ ಸಾಲು ಹಿಡಿದು ಒಬ್ಬಳೇ ಬಿಡಿಸುತ್ತಾಳೆ.

ಈ ತಿಂಗಳ ಹದಿನೆಂಟಕ್ಕೆ ಮಲ್ಲೇಶ್ವರಿಯ ಶಾಲೆಯವರು ಮಕ್ಕಳನ್ನು ಕೋಟೆ ನೋಡಲು ಕರೆತರುತ್ತಾರೆ. ನಲವತ್ತು ಮಕ್ಕಳು ಆ ಬಾಗಿಲಿನಿಂದಲೇ ಒಳಗೆ ಹೋಗಬೇಕು. ಮೊನ್ನೆ ಗೂಗಲ್ಲಿಗೆ ಹೋದಾಗ, ತಾನು ಹೋಗುವುದಿಲ್ಲ ಎಂದು ಹುಡುಗಿ ಮುಖ ಊದಿಸಿಕೊಂಡು ಕೂತಿದ್ದಳು. ಅಕ್ಕ ಆಕೆಯ ಜಡೆ ಹೆಣೆಯುತ್ತಿದ್ದಳು.

“ಹೋಗವ್ವಾ, ನೀ ಯಾಕ ಬಿಡ್ತಿ. ಯಾರರ ಕೇಳಿದ್ರ, ಆಕಿ ಯಾರೋ ನನಗ ಗೊತ್ತಿಲ್ಲ ಅಂತ ಅನ್ನು,” ಎಂದಳು.

ಹುಡುಗಿ ತಲೆ ಕೊಸರಿದಳು. ಅಕ್ಕ ಬಿಡದೆ ಆ ಮಾತನ್ನು ಆಕೆಯ ಬಾಯಿಂದ ಎರಡು ಸಲ ಹೇಳಿಸಿದಳು.

ಹದಿನೆಂಟರ ಬೆಳಗಿನೊಳಗೆ ಆ ಫೋಟೋ ತೆಗೆಸಿ. ಕ್ಷಮೆ ಬೇಡ, ವಿಚಾರಣೆ ಬೇಡ, ಉತ್ತರವೂ ಬೇಡ. ನೀವು ತೆಗೆಸುವುದಿಲ್ಲವೆಂದು ನನಗೆ ಗೊತ್ತು. ಅಕ್ಕನಿಗೂ ಗೊತ್ತು. ಅದಕ್ಕೇ ಆಕೆ ಮಗುವಿಗೆ ಆ ಮಾತು ಕಲಿಸಿದ್ದು.

ಇಂತಿ,
ಮಂದಿಗೆಲ್ಲ ಅರ್ಜಿ ಬರೆದುಕೊಟ್ಟು, ಒಡಹುಟ್ಟಿದವಳಿಗೆ ಉಪಯೋಗಕ್ಕೆ ಬಾರದ
ಹಂಪಯ್ಯ, ಮಾನ್ವಿ