ಹೂಂ ಅನ್ನುವವರಿಲ್ಲದ ಕತೆ

ಜುಲೈ 2, ಮಂಗಳವಾರ
ಮತ್ತೆ ಚಾಕ್‌ಪೀಸ್ ಖಾಲಿ. ಮತ್ತೆ ಕೊನೆಯ ಬೆಂಚಿನಲ್ಲಿ ಗಲಾಟೆ. ಹೋಗಿ ನೋಡಿದರೆ ನಮ್ಮ ಮಾತಿನಮಲ್ಲಿ — ಮೂರನೇ ಕ್ಲಾಸಿಗೆ ಈ ವರ್ಷ ಹೊಸದಾಗಿ ಸೇರಿದವಳು, ಈ ಅಡ್ಡಹೆಸರಿಟ್ಟವಳು ನಾನೇ — ಬಾಲ ಮಾರಿಕೊಂಡ ನರಿಯ ಕತೆ ಹೇಳುತ್ತಿದ್ದಾಳೆ. ಸುತ್ತ ಕೂತವರೆಲ್ಲ ಮಾತುಮಾತಿಗೂ "ಹೂಂ... ಹೂಂ..." ಹೂಂ ಸಪ್ಪಗಾದರೆ ನರಿಯನ್ನು ಬಾವಿಗೆ ನೂಕುತ್ತಾಳೆ. ಜೋರಾದರೆ ಬೇಕೆಂದೇ ಸತಾಯಿಸುತ್ತಾಳೆ. ಬೈಯಲು ಹೋದವಳು ಬಾಲ ವಾಪಸ್ ಸಿಗುವವರೆಗೂ ನಿಂತುಬಿಟ್ಟೆ. ಗಣಿತ ಹಾಳಾಯಿತು. ಆಗಲಿ.

ಜುಲೈ 9
ಮುಂದಿನ ತಿಂಗಳ ಕತೆ ಹೇಳುವ ಸ್ಪರ್ಧೆಗೆ ಇವಳೇ ಎಂದು ಹೆಡ್‌ಮಿಸ್‌ಗೆ ಹೇಳಿಬಿಟ್ಟೆ. ಇವತ್ತು ಪ್ರಾಕ್ಟೀಸ್. ಬೋರ್ಡಿನ ಮುಂದೆ ನಿಲ್ಲಿಸಿ, ಕ್ಲಾಸಿಗೆಲ್ಲ "ಬಾಯಿ ಮೇಲೆ ಬೆರಳು!" ಅಂದೆ.
"ಒಂದೂರಲ್ಲಿ ಒಂದು ನರಿ ಇತ್ತಂತೆ." ಅಷ್ಟೇ. ನನ್ನ ಮುಖ ನೋಡುತ್ತ ನಿಂತಳು.
"ಮುಂದಕ್ಕೆ ಹೇಳೇ."
"ಯಾರೂ ಹೂಂ ಅಂತಿಲ್ವಲ್ಲ ಮಿಸ್."
ನಗು ಬಂತು. ಅದೆಲ್ಲ ಮನೆಯಲ್ಲಿ, ಇಲ್ಲಿ ಮಧ್ಯೆ ಯಾರೂ ಮಾತಾಡಬಾರದು ಅಂದೆ.
"ಹೂಂ ಅನ್ನೋದು ಮಾತಲ್ಲ ಮಿಸ್."
ಎದುರುತ್ತರ ಬೇರೆ! ಗದರಿಸಿ ಕೂರಿಸಿದೆ.

ಜುಲೈ 26
ದಿನಾ ಊಟದ ಬಿಡುವಿನಲ್ಲಿ ಅಭ್ಯಾಸ. ಕೈ ಹಿಂದೆ. ಕಣ್ಣು ಎದುರಿನ ಗೋಡೆಯ ಮೇಲೆ. ಎಲ್ಲೂ ತಡವರಿಸುವಂತಿಲ್ಲ. ಈಗ ನಿಲ್ಲುವುದಿಲ್ಲ, ನೀರು ಕುಡಿದ ಹಾಗೆ ಒಪ್ಪಿಸುತ್ತಾಳೆ. ನರಿ ದಿನವೂ ಒಂದೇ ಜಾಗದಲ್ಲಿ ಬಾವಿಗೆ ಬೀಳುತ್ತದೆ. ಮನೆಯವರಿಗೆ ಹೇಳಿದರೆ, "ನರಿಗೂ ಟೈಮ್‌ಟೇಬಲ್ ಹಾಕ್ಕೊಟ್ಯಾ?" ಅಂತ ನಕ್ಕರು. ಮೈಯೆಲ್ಲ ಉರಿಯಿತು. ಮಾತು ನಿಜವಾಗಿತ್ತು, ಅದಕ್ಕೇ ಇರಬೇಕು.

ಆಗಸ್ಟ್ 3, ಶನಿವಾರ
ಫಸ್ಟ್ ಪ್ರೈಜ್!! ಒಂದಕ್ಷರ ತಪ್ಪಲಿಲ್ಲ. ಹೆಡ್‌ಮಿಸ್ ಎಲ್ಲರೆದುರು ನನ್ನನ್ನು ಹೊಗಳಿದ್ದೇ ಹೊಗಳಿದ್ದು. ಕಪ್ ಹಿಡಿದುಕೊಂಡು ಬಂದವಳು ಕೇಳಿದ್ದು ಇಷ್ಟೇ — "ಮಿಸ್, ಇನ್ನು ಕೂತ್ಕೋಬಹುದಾ?"

ಆಗಸ್ಟ್ 21
ಅವಳ ಅಜ್ಜಿ ಸ್ಕೂಲಿಗೆ ಬಂದಿದ್ದರು. ಪ್ರೈಜಿನ ಖುಷಿಗೆ ಅಂದುಕೊಂಡು ಕುರ್ಚಿ ಎಳೆದುಕೊಟ್ಟೆ.
"ಜಗಳಕ್ಕೆ ಬಂದಿಲ್ಲಮ್ಮ. ಮಲಗೋ ಹೊತ್ತಿಗೆ ನಾನು ಕತೆ ಶುರು ಮಾಡಿದ್ರೆ, ಮಗು ಬಾಯಿ ಮೇಲೆ ಬೆರಳಿಟ್ಕೊಂಡುಬಿಡುತ್ತೆ. ಹೂಂ ಅನ್ನೇ ಅಂದ್ರೆ, ಮಧ್ಯೆ ಮಾತಾಡಬಾರದು ಅಜ್ಜೀ ಅನ್ನುತ್ತೆ. ಕತ್ತಲಲ್ಲಿ ನನಗೆ ಕಣ್ಣು ಕಾಣಲ್ಲ. ಎದ್ದಿದ್ದಾಳೋ, ನಿದ್ದೆ ಹೋದಳೋ, ಹೆದರಿದಳೋ... ಹೇಗೆ ತಿಳೀಬೇಕು? ಕತೆ ಹೇಳೋದೇ ಬಿಟ್ಟುಬಿಟ್ಟಿದ್ದೀನಿ."
ಅಜ್ಜಿ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು.
"ನೀವೊಂದು ಮಾತು ಹೇಳಿ. ನೀವು ಹೇಳಿದ್ರೆ ಕೇಳ್ತಾಳೆ."
ಹೌದು, ಕೇಳುತ್ತಾಳೆ. ಕೇಳಿದ್ದಕ್ಕೇ ಹೀಗಾಯಿತು.
ನಾನೂ ಅಮ್ಮನ ಪಕ್ಕ ಹೂಂ, ಹೂಂ ಅನ್ನುತ್ತಲೇ ನಿದ್ದೆಗೆ ಜಾರಿದವಳು. ಗೊತ್ತಿಲ್ಲದೆ ಮಾಡಿದ್ದಲ್ಲ. ಆ ಹೂಂ ಅನ್ನುವುದನ್ನು ಸ್ಕೂಲಿನ ಗೇಟಿನ ಹೊರಗೇ ಬಿಟ್ಟು ಒಳಗೆ ಬಾ ಅಂದೆ. ಮಗು ಬಿಟ್ಟು ಬಂತು. ವಾಪಸ್ ಹೋಗುವಾಗ ಎತ್ತಿಕೊಂಡು ಹೋಗುತ್ತಾಳೆ ಅಂದುಕೊಂಡಿದ್ದೆ ನಾನು, ಪೆದ್ದಿ.

ಆಗಸ್ಟ್ 22
ಬಿಡುವಿನಲ್ಲಿ ಕರೆದೆ. ಅವಳ ಎದುರು ನೆಲದ ಮೇಲೆ ಕೂತೆ. ನರಿ ಕತೆ ಹೇಳು ಪುಟ್ಟಿ, ನಾನು ಹೂಂ ಅಂತೀನಿ, ಅಂದೆ.
ಅವಳು ಎದ್ದು ನಿಂತಳು. ಕೈ ಹಿಂದೆ. ಕಣ್ಣು ಗೋಡೆಯ ಮೇಲೆ.
"ಒಂದೂರಲ್ಲಿ ಒಂದು ನರಿ ಇತ್ತಂತೆ."
"ಹೂಂ."
ನಿಲ್ಲಿಸಿದಳು. ಸಿಟ್ಟಿಲ್ಲ, ತುಂಟತನವೂ ಇಲ್ಲ. ನನ್ನದೇ ಧಾಟಿಯಲ್ಲಿ — "ಮಧ್ಯೆ ಮಾತಾಡಬಾರದು ಮಿಸ್. ಮರೆತುಹೋಗುತ್ತೆ."
ಹೂಂ ಅನ್ನುವುದು ಮಾತಲ್ಲ ಕಣೇ, ಅನ್ನಬೇಕೆಂದಿದ್ದೆ. ನೀನೇ ಹೇಳಿದ್ದೆಯಲ್ಲ ಅಂತ ನೆನಪಿಸಬೇಕೆಂದಿದ್ದೆ.
ಅಷ್ಟರಲ್ಲಿ ಮತ್ತೆ ಮೊದಲಿಂದ ಶುರು ಮಾಡಿದಳು. ನಾನು ಬಾಯಿ ಮೇಲೆ ಬೆರಳಿಟ್ಟುಕೊಂಡು...